ಮುಚ್ಚಳದ ಒಳಬದಿ

"ಬೆಳಕಿಗೆ ಹಿಡೀರಿ. ಇನ್ನೂ ಸ್ವಲ್ಪ ಮೇಲೆ," ಅಂದರು ಡಾಕ್ಟರಮ್ಮ.

ಸೂಲಗಿತ್ತಿ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ ಸತ್ತ ಹಂದಿಮರಿಯ ಕರುಳಿನ ಒಂದು ತುದಿಯನ್ನು ಬಿಸಿಲಿನ ಕಡೆಗೆ ಎತ್ತಿದಳು. ನೆನೆದ ಕಾಗದದಂತಿದ್ದ ಅದರ ಆಚೆ ಡಾಕ್ಟರಮ್ಮ ತಮ್ಮ ಬೆರಳಿಟ್ಟರು. ಕೈಗವಸಿನ ನೀಲಿ ಕಂಡಿತು, ಬೆರಳಿನ ಗೆಣ್ಣೂ ಕಂಡಿತು.

ಹಾಲು ಬಿಡಿಸಿದ ಮರಿಗಳ ಶೆಡ್ಡಿನ ಹಿಂದೆ, ಬೋರಲು ಹಾಕಿದ ಡ್ರಮ್ಮಿನ ಮೇಲೆ ತಗಡು ಹಾಸಿ ಮಾಡಿಕೊಂಡ ಮೇಜು ಅದು. ತಗಡಿನ ಮೇಲೆ ಎರಡು ಹಂದಿಮರಿಗಳು ಅಂಗಾತ ಬಿದ್ದಿದ್ದವು. ಒಂದೇ ತಾಯಿಯವು, ಒಂದೇ ದಿನ ಹುಟ್ಟಿದವು, ಐದೂವರೆ ವಾರದವು. ದೊಡ್ಡದು ನೆಲದ ಸರಳಿನ ಸಂದಿಗೆ ಕಾಲು ಸಿಕ್ಕಿಸಿಕೊಂಡು ಸತ್ತಿತ್ತು. ಸಣ್ಣದು ಆರು ದಿನ ಭೇದಿಯಾಗಿ ಸತ್ತಿತ್ತು. ಡಾಕ್ಟರಮ್ಮ ಎರಡರ ಕರುಳನ್ನೂ ಬಿಚ್ಚಿ ಹಗ್ಗದ ಹಾಗೆ ಮಡಿಸಿ ಮಡಿಸಿ ಅಕ್ಕಪಕ್ಕ ಚಾಚಿದ್ದರು. ದೊಡ್ಡದರದು ತಗಡಿನ ತುದಿ ದಾಟಿ ಕೆಳಗೆ ಇಳಿಬಿದ್ದಿತ್ತು. ಸಣ್ಣದರದು ತಗಡಿನ ಮುಕ್ಕಾಲಿಗೇ ಮುಗಿದಿತ್ತು.

"ತಾಯಿ ಹೊಟ್ಟೇಲಿ ಹದಿನಾಲ್ಕು ಮರಿ ಇರುತ್ತೆ," ಅಂದರು ಡಾಕ್ಟರಮ್ಮ. "ಮಾಸಿನಿಂದ ಬರೋ ರಕ್ತ ಎಲ್ಲಕ್ಕೂ ಸಮ ಬರಲ್ಲ. ಕಡಿಮೆ ಸಿಕ್ಕಿದ ಮರಿ ಸಿಕ್ಕಿದ್ದನ್ನ ಮೊದಲು ತಲೆಗೆ ಕಳಿಸುತ್ತೆ, ಆಮೇಲೆ ಗುಂಡಿಗೆಗೆ. ಕರುಳಿಗೆ ಕೊನೇ ಪಂಕ್ತಿ, ಪಾತ್ರೆ ತಳ ಕೆರೆದದ್ದು. ಹುಟ್ಟಿದ ಮೇಲೆ ಎಷ್ಟು ಕುಡಿಸಿದರೂ ಮೈ ಬರುತ್ತೆ, ಆ ಕರುಳು ಮಾತ್ರ ಪೂರ್ತಿ ಬರಲ್ಲ. ಹಾಲು ಇರೋವರೆಗೂ ಹೇಗೋ ನಡೆಯುತ್ತೆ. ಹಾಲು ಬಿಡಿಸಿ ಹಿಟ್ಟಿಗೆ ಹಾಕಿದಿರೋ, ಸೋರೋಕೆ ಶುರು. ಇದನ್ನ ನೋಡಿದರೆ ನನಗೆ ಹಾಗೇ ಅನ್ಸುತ್ತೆ. ಹುಟ್ಟಿದಾಗ ತೂಕ ಎಷ್ಟಿತ್ತು?"

ಕೇಳಿದ್ದು ಫಾರಂ ನೋಡಿಕೊಳ್ಳುವ ಸಾಹೇಬರನ್ನು. ಅವರು ಕಂಕುಳಲ್ಲಿದ್ದ ತೂಕದ ಬುಕ್ಕು ತೆಗೆದು, ಮರಿಯ ಕಿವಿಯ ಬಿಲ್ಲೆ ನೋಡಿ, ಪುಟ ತಿರುವಿದರು. "ಇನ್ನೂರ ಹದಿನಾಲ್ಕು... ಒಂದು ಕೆಜಿ ಇಪ್ಪತ್ತು ಗ್ರಾಂ."

"ಭೇದಿ ಆಗಿರೋ ಮಿಕ್ಕವು?"

"ಹತ್ತೊಂಬತ್ತೂ ಒಂದು ಕೆಜಿ ದಾಟಿವೆ ಮೇಡಂ. ಅದಕ್ಕಿಂತ ಕಮ್ಮಿದು ನಾವು ಇಟ್ಕೊಳ್ಳೋದೇ ಇಲ್ಲ."

ಡಾಕ್ಟರಮ್ಮ ಕೈಗವಸಿನ ಹಿಂಬದಿಯಿಂದ ಹಣೆ ಒರೆಸಿಕೊಂಡರು. ಕೈಗೆ ಸಿಕ್ಕಿದ್ದ ಬೀಗದ ಕೈ ಬೇರೆ ಬೀಗದ್ದು ಅಂತ ಗೊತ್ತಾದವರ ಮುಖ ಅವರದಾಯಿತು. "ಹಾಗಾದರೆ ಅದಲ್ಲ. ಹೊಟ್ಟೇಲಿ ಕೆಟ್ಟಿದ್ದಲ್ಲ, ಇಲ್ಲಿ ಬಂದ ಮೇಲೆ ಕೆಟ್ಟಿದ್ದು. ನೀರು, ಹಿಟ್ಟು, ಇಲ್ಲಾ ಶುಚಿ. ಛೆ, ಹುಟ್ಟಿನದ್ದೇ ಆಗಿದ್ದರೆ ದಾರಿ ಇತ್ತು. ಅಂಥವನ್ನ ಎರಡು ವಾರ ತಡವಾಗಿ ಬಿಡಿಸಿ, ಬೇರೆ ಇಟ್ಟು, ಹಿಟ್ಟನ್ನ ಹಾಲಲ್ಲಿ ಕಲಸಿ ಕೊಟ್ಟರೆ ಎಷ್ಟೋ ಉಳಿಯುತ್ವೆ."

ಸಾಹೇಬರು ಬುಕ್ಕು ಮುಚ್ಚಿ, ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದವಳ ಕಡೆ ನೋಡಿದರು. ಹಾಲು ಬಿಡಿಸಿದ ಮರಿಗಳ ಜವಾಬ್ದಾರಿ ಅವಳದು. ಅವಳು ಸೂಲಗಿತ್ತಿಯ ಓರಗಿತ್ತಿ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬಂದ ಇಬ್ಬರು ಸೊಸೆಯರು; ನಾಲ್ಕು ತಿಂಗಳ ಹಿಂದೆ ಹಿರಿಯಳು ಹೇಳಿ ಕಿರಿಯಳಿಗೆ ಕೊಡಿಸಿದ ಕೆಲಸ.

"ನನ್ನನ್ನೇನು ನೋಡ್ತೀರಾ ಸರ್?" ಅಂದಳು ಓರಗಿತ್ತಿ. "ನಾನು ತೊಟ್ಟಿ ತೊಳೆಯೋ ನೀರಲ್ಲಿ ನೀವು ಮುಖ ತೊಳ್ಕೋಬಹುದು."

"ನೋಡೋಣ," ಅಂದರು ಸಾಹೇಬರು.

ಸೂಲಗಿತ್ತಿ ಕರುಳನ್ನು ಇನ್ನೂ ಹಾಗೇ ಎತ್ತಿ ಹಿಡಿದಿದ್ದಳು. ಸಾಕು, ಇಳಿಸಿ ಅಂತ ಯಾರೂ ಹೇಳಿರಲಿಲ್ಲ. ಇನ್ನೂರ ಹದಿನಾಲ್ಕರ ತೂಕ ಒಂದು ಕೆಜಿ ಇಪ್ಪತ್ತು ಅಲ್ಲ ಎಂಬುದು ಅಲ್ಲಿದ್ದ ನಾಲ್ವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಹಂದಿ ಈಯುವ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದವಳನ್ನು ಯಜಮಾನರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಕರೆಯುವುದು ಸೂಲಗಿತ್ತಿ ಎಂದೇ. ಶೆಡ್ಡಿನ ಗೋಡೆಗೆ ಒಂದು ನಿಯಮ ಅಂಟಿಸಿತ್ತು: ಹುಟ್ಟಿ ಒರೆಸಿದ ಕೂಡಲೇ, ಹಾಲು ಕುಡಿಯುವ ಮೊದಲು ತೂಕ, ಒಂದು ಕೆಜಿಗೆ ಕಡಿಮೆ ಇದ್ದರೆ ಪ್ರತ್ಯೇಕ. ಪ್ರತ್ಯೇಕ ಎಂದರೆ ಮೂಲೆಯಲ್ಲಿದ್ದ ಮುಚ್ಚಳದ ಬಕೆಟ್ಟು. ಆಮೇಲಿನದ್ದನ್ನು ಸಾಹೇಬರೇ ಬಂದು ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವಳು ತೊಳೆದ ಬಟ್ಟೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು.

ಮೂರು ವರ್ಷದ ಹಿಂದೆ ಒಂದು ಮರಿ, ಒಂಬೈನೂರ ಇಪ್ಪತ್ತು ಗ್ರಾಮಿನದು, ತಕ್ಕಡಿಯಿಂದ ಇಳಿಸುವಷ್ಟರಲ್ಲಿ ಅವಳ ಕಿರುಬೆರಳು ಚೀಪತೊಡಗಿತ್ತು. ಸ್ವಲ್ಪ ಕುಡಿಯಲಿ ಅಂತ ತಾಯಿಯ ಹತ್ತಿರ ಬಿಟ್ಟಳು. ಸಿರಿಂಜಿನಲ್ಲಿ ಗಿಣ್ಣುಹಾಲನ್ನೂ ಹಾಕಿದಳು. ಮರುದಿನ ಸಂಜೆ ತೂಗಿದಾಗ ಒಂದು ಕೆಜಿ ಹತ್ತು ಗ್ರಾಂ ಬಂತು. ಅದನ್ನೇ ಬುಕ್ಕಿನಲ್ಲಿ ಬರೆದಳು. ತಕ್ಕಡಿ ತೋರಿಸಿದ್ದನ್ನೇ ಬರೆದದ್ದು, ಸುಳ್ಳೇನಿಲ್ಲ ಅಂದುಕೊಂಡಳು. ಹೊತ್ತು ಮಾತ್ರ ಬೇರೆ. ಆಮೇಲೆ ಅದೇ ರೂಢಿಯಾಯಿತು. ಎಂಟುನೂರ ಐವತ್ತರ ಮೇಲಿನವನ್ನೆಲ್ಲ ಕುಡಿಸಿ ಕುಡಿಸಿ ಗೆರೆ ದಾಟಿಸಿದಳು. ಕಚೇರಿಯ ಬೋರ್ಡಿನ ಮೇಲೆ "ಹಾಲು ಬಿಡಿಸುವವರೆಗೆ ಉಳಿದ ಮರಿಗಳು: ನೂರಕ್ಕೆ ತೊಂಬತ್ತೇಳು" ಎಂದು ಬಂತು. ಯಜಮಾನರು ಅದರ ಪಕ್ಕ ಅವಳನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಫೋಟೊದಲ್ಲಿ ಅವಳು ಬೋರ್ಡಿನ ಕಡೆಗೇ ನೋಡುತ್ತಿದ್ದಾಳೆ, ಅಂಕಿ ಸರಿಯಿದೆಯೋ ಇಲ್ಲವೋ ಎಂಬಂತೆ.

ಆದರೆ ನಿಜವಾದ ತೂಕವನ್ನು ಎಲ್ಲೂ ಬರೆಯದೆ ಬಿಟ್ಟರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಪ್ರತಿ ತಾಯಿಯ ಪಕ್ಕ ಮರಿಗಳು ಬೆಚ್ಚಗೆ ಮಲಗಲು ಬಲ್ಬು ಹಾಕಿದ ಪ್ಲೈವುಡ್ ಪೆಟ್ಟಿಗೆಯೊಂದಿತ್ತು. ಅದರ ಮುಚ್ಚಳದ ಒಳಬದಿಯಲ್ಲಿ, ಸಣ್ಣವುಗಳ ಬಿಲ್ಲೆಯ ನಂಬರೂ ಮೊದಲ ತೂಕವೂ, ಪೆನ್ಸಿಲ್ಲಿನಲ್ಲಿ. ಯಾವುದಕ್ಕೆ ದಿನಕ್ಕೆ ಮೂರು ಸಲ ಸಿರಿಂಜು ಹಾಲು ಬೇಕು ಅಂತ ತನಗೆ ತಿಳಿಯಲಿಕ್ಕೆ. ಮರಿಗಳು ಹಾಲು ಬಿಟ್ಟು ಆಚೆ ಶೆಡ್ಡಿಗೆ ಹೋದ ಮೇಲೆ ಕೋಣೆ ತೊಳೆದು, ಗೋಡೆಗೆ, ಪೆಟ್ಟಿಗೆಗೆ, ಮುಚ್ಚಳಕ್ಕೆ ಸುಣ್ಣ ಹೊಡೆಯುತ್ತಿದ್ದರು. ಅಲ್ಲಿಗೆ ಆ ಲೆಕ್ಕ ಮುಗಿಯುತ್ತಿತ್ತು. ಆಚೆ ಶೆಡ್ಡಿನಲ್ಲಿ ಭೇದಿಯಾಗುವವು ಯಾವ ನಂಬರಿನವು ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಓರಗಿತ್ತಿ ಹೇಳುತ್ತಿದ್ದಳು, ರಾಗವಾಗಿ ಹೇಳುತ್ತಿದ್ದಳು.

ಡಾಕ್ಟರಮ್ಮ ಗೇಟಿನ ಹತ್ತಿರ ಬೂಟು ತೊಳೆಯುತ್ತಿದ್ದಾಗ ಸೂಲಗಿತ್ತಿ ಹಿಂದೆಯೇ ಹೋಗಿ ನಿಂತಳು. ಸಾಹೇಬರೂ ಅಲ್ಲೇ ಇದ್ದರು.

"ಮೇಡಂ, ಆ ತೂಕ... ಅಕಸ್ಮಾತ್ ತಪ್ಪಿದ್ದರೆ?"

"ತಕ್ಕಡಿ ಯಾವಾಗ ತಪಾಸಣೆ ಮಾಡಿಸಿದ್ದು?" ಡಾಕ್ಟರಮ್ಮ ಸಾಹೇಬರನ್ನು ಕೇಳಿದರು.

"ಹೊಸದೇ ಮೇಡಂ. ಹೋದ ತಿಂಗಳು ಕಲ್ಲಿಟ್ಟು ನೋಡಿದ್ದೀವಿ. ಒಂದು ಗ್ರಾಂ ಆಚೀಚೆ ಇಲ್ಲ."

"ತಕ್ಕಡಿ ಅಲ್ಲ ಮೇಡಂ, ತೂಗೋ..."

"ಹಳೇದು ತುಕ್ಕು ಹಿಡಿದಿತ್ತು," ಸಾಹೇಬರು ಮುಂದುವರಿಸಿದರು. "ಅದನ್ನ ಗುಜರಿಗೆ ಹಾಕಿದ್ದಾಯ್ತು." ಅವರು ತಕ್ಕಡಿಯ ವಿಷಯ ಹೇಳುತ್ತಲೇ ಹೋದರು. ಯಾವ ಕಂಪನಿ, ಬ್ಯಾಟರಿ ಎಷ್ಟು ದಿನ ಬರುತ್ತದೆ, ಮುಳ್ಳಿನದಕ್ಕಿಂತ ಅಂಕಿಯದು ಯಾಕೆ ಒಳ್ಳೆಯದು. ಸೂಲಗಿತ್ತಿ ಎರಡು ಸಲ ಬಾಯಿ ತೆರೆದಳು. ಡಾಕ್ಟರಮ್ಮನ ಫೋನು ಬಂತು. ಇನ್ನೆಲ್ಲೋ ಹಸುವೊಂದು ಮಲಗಿದ್ದು ಏಳುತ್ತಿಲ್ಲವಂತೆ.

"ನಾಳೆ ಹನ್ನೊಂದಕ್ಕೆ ನೀರಿನ ಸ್ಯಾಂಪಲ್ ತಗೊಳ್ಳೋಕೆ ಬರ್ತೀನಿ," ಅವರು ಗಾಡಿ ಹತ್ತುತ್ತ ಅಂದರು. "ರಿಪೋರ್ಟೂ ನಾಳೆಯೇ ಬರೆದುಕೊಡ್ತೀನಿ. ಶುಚಿ ಅಂತಲೇ ಬರೀಬೇಕಾಗುತ್ತೆ."

ಧೂಳು ಇಳಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಹೇಳಬೇಕಾದ ಮಾತು ಉದ್ದವೇನೂ ಇರಲಿಲ್ಲ. ಆರು ಪದ. ಅಷ್ಟನ್ನೂ ಒಟ್ಟಿಗೆ ಹೊರಗೆ ಹಾಕಲಾರದ ತನ್ನ ಬಾಯಿಯ ಮೇಲೆ ಅವಳಿಗೆ ರೇಗಿತು.

ಸಂಜೆ ಮನೆಯಲ್ಲಿ ಓರಗಿತ್ತಿ ಅಕ್ಕಿ ತೊಳೆಯುತ್ತಿದ್ದಳು. ಅಕ್ಕಿಯ ಮೇಲಿನ ಸಿಟ್ಟಲ್ಲ ಅದು, ಆದರೂ ಅಕ್ಕಿಯೇ ಏಟು ತಿನ್ನುತ್ತಿತ್ತು.

"ಬ್ಲೀಚಿಂಗ್ ಪೌಡರ್ ಹಾಕಿ ಹಾಕಿ ಉಗುರೇ ಕಿತ್ತು ಬಂದಿದೆ. ನೋಡಕ್ಕ." ಬಿಳಚಿಕೊಂಡು ಸುಕ್ಕಾದ ಎರಡು ಅಂಗೈಗಳನ್ನೂ ಚಾಚಿದಳು. "ಬಾಯಿಗೆ ತುತ್ತಿಟ್ಟರೆ ತುತ್ತೂ ಅದೇ ವಾಸನೆ. ಇವರು ಮಾತ್ರ ಶುಚಿ ಇಲ್ಲ ಅಂತಾರೆ. ನಾಲ್ಕು ತಿಂಗಳಿಂದ ಇದೇ ಹಾಡು. ತೊಟ್ಟಿ ಬದಲಾಯಿಸಿ ಅಂದರು, ಬದಲಾಯಿಸಿದೆ. ನೀರು ಕಾಯಿಸಿ ಅಂದರು, ನೂರಾ ಎಂಬತ್ತು ಹಂದಿಮರಿಗೆ ನೀರು ಕಾಯಿಸಿದೆ, ನಮ್ಮಪ್ಪನಿಗೂ ಕಾಯಿಸಿಕೊಟ್ಟಿಲ್ಲ. ಆದರೂ ಸೋರುತ್ವೆ. ಅದೂ ಎಲ್ಲವೂ ಅಲ್ಲ. ಒಂದೇ ಅಂಕಣ, ಒಂದೇ ತೊಟ್ಟಿ, ಒಂದೇ ಹಿಟ್ಟು. ಹತ್ತರಲ್ಲಿ ಎಂಟು ಕಲ್ಲು ತಿಂದು ಕರಗಿಸಿಕೊಳ್ತವೆ, ಎರಡು ನೀರು ಕುಡಿದರೂ ಸೋರ್ತವೆ. ನನ್ನ ಕೈ ಕೊಳಕಾಗಿದ್ದರೆ ಎಂಟಕ್ಕೆ ಯಾಕೆ ಅಂಟಲ್ಲ ಅಂತ ಕೇಳಿದೆ. ಸಾಹೇಬರು ಏನಂದರು ಹೇಳು?"

"ನೋಡೋಣ ಅಂದರು."

"ಅವರ ಮದುವೇಲಿ ಹುಡುಗಿ ಒಪ್ಪಿಗೇನಾ ಅಂದಾಗಲೂ ಹಾಗೇ ಅಂದಿರಬೇಕು. ಇನ್ನೂ ನೋಡ್ತಾನೇ ಇದಾರೆ." ಅವಳು ಒಂದು ಕ್ಷಣ ನಕ್ಕು, ಮತ್ತೆ ಪಾತ್ರೆಯನ್ನು ಕುಕ್ಕಿದಳು. "ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿತಂತೆ. ಯಾವ ಕೋತಿ ಅಂತ ಒಂದು ದಿನ ಗೊತ್ತಾಗಲಿ. ಆಮೇಲಿದೆ ಅದಕ್ಕೆ."

ಸೂಲಗಿತ್ತಿ ತರಕಾರಿ ಹೆಚ್ಚುತ್ತಿದ್ದಳು. "ನಾನೊಂದು ಮಾತು ಹೇಳಬೇಕು ಕಣೆ," ಅಂದಳು.

"ನನ್ನ ಪರ ಸಾಹೇಬರ ಹತ್ತಿರ ಮಾತಾಡ್ತೀನಿ ಅಂತ ತಾನೆ? ಮಾತಾಡು. ಬೇರೆ ಯಾರ ಮಾತೂ ಅಲ್ಲಿ ನಡೆಯಲ್ಲ. ನಿನ್ನ ಮಾತು ಅಂದರೆ ಬುಕ್ಕಲ್ಲಿ ಬರೆದ ಹಾಗೆ ಅಂತಾರೆ ಎಲ್ಲರೂ."

ಸೂಲಗಿತ್ತಿ ಗ್ಯಾಸಿನ ಕಿವಿ ಸರಿಯಾಗಿ ತಿರುಗಿದೆಯೇ ಎಂದು ನೋಡಿದಳು. ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ, "ಹೂಂ, ಮಾತಾಡ್ತೀನಿ," ಅಂದಳು.

ಬೆಳಿಗ್ಗೆ ಹತ್ತೂವರೆಗೆ ಕಚೇರಿಗೆ ಹೋದಾಗ ಸಾಹೇಬರು ಕೆಲಸದ ಪಟ್ಟಿ ಬರೆಯುತ್ತಿದ್ದರು. ಅವರು ತಲೆ ಎತ್ತುವ ಮೊದಲೇ ಅವಳು ಶುರು ಮಾಡಿದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು, ನಿಲ್ಲಿಸಿದರೆ ಮರೆತುಹೋಗುತ್ತಿತ್ತು.

"ಸರ್, ಇನ್ನೂರ ಹದಿನಾಲ್ಕರ ತೂಕ ಎಂಟುನೂರ ಎಪ್ಪತ್ತು. ಬುಕ್ಕಲ್ಲಿರೋದು ಮರುದಿನ ಸಂಜೆಯ ತೂಕ, ಹಾಲು ಕುಡಿಸಿದ ಮೇಲಿಂದು. ಅದೊಂದೇ ಅಲ್ಲ, ಸಣ್ಣವೆಲ್ಲ ಹಾಗೇ. ಮೂರು ವರ್ಷದಿಂದ ಹಾಗೇ ಮಾಡಿದ್ದೀನಿ. ನನ್ನ ಓರಗಿತ್ತಿ ತಪ್ಪು ಏನೂ ಇಲ್ಲ. ಡಾಕ್ಟರಮ್ಮ ಮೊದಲು ಹೇಳಿದರಲ್ಲ, ಅದೇ ಸರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಗೋಡೆಯ ಮೇಲೆ ತೊಂಬತ್ತೇಳರ ಬೋರ್ಡಿತ್ತು, ಅದರ ಕೆಳಗೆ ಫೋಟೊ.

"ಆ ಬುಕ್ಕಿನ ಪ್ರತಿ ಪುಟದ ಕೆಳಗೆ ಯಾರ ಸಹಿ ಇದೆ ಅಮ್ಮ?"

"ನಿಮ್ಮದು."

"ಅಂದರೆ ನಾನು ಸುಳ್ಳಿಗೆ ಸಹಿ ಹಾಕಿದ್ದೀನಿ ಅಂತೀರಾ?"

ನೋಡದೆ ಹಾಕಿದ್ದೀರಿ ಅನ್ನಬೇಕೆನಿಸಿತು. "ತಪ್ಪು ನನ್ನದು ಸರ್."

"ತಪ್ಪು ನಿಮ್ಮದು, ಸಹಿ ನನ್ನದು, ಬೋರ್ಡು ಯಜಮಾನರದು. ಬಂದವರಿಗೆಲ್ಲ ತೋರಿಸಿದ್ದಾರೆ. ಇವತ್ತು ನೀವು ಬಂದು ಹೌದು, ಅದೆಲ್ಲ ಹಾಲಿನ ತೂಕ ಅಂತೀರಿ." ಅವರ ದನಿ ಏರಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ನಿಮ್ಮ ಓರಗಿತ್ತಿಗೆ ಬೇಜಾರಾಗುತ್ತೆ ಅಂತ ನನಗೂ ಗೊತ್ತು. ಈ ತಿಂಗಳು ಮುಗಿಸಲಿ. ಆಮೇಲೆ ಬೇರೆ ಕಡೆ ನೋಡ್ಕೊಳ್ಳಲಿ. ಹೋಗೋವಾಗ ಒಳ್ಳೇ ಮಾತಲ್ಲೇ ಕಳಿಸೋಣ."

"ಅವಳು ಏನೂ ಮಾಡಿಲ್ಲ ಸರ್."

"ಮಾಡಿಲ್ಲ ಅಂತ ನಿಮ್ಮ ಬಾಯಿಮಾತು. ಬುಕ್ಕಲ್ಲಿ ಬೇರೆ ಇದೆ. ಸ್ವಂತ ಮನೆಯವಳನ್ನ ಉಳಿಸಿಕೊಳ್ಳೋಕೆ ಹೇಳ್ತಾಳೆ ಅಂತಾರೆ ಎಲ್ಲರೂ. ಸಾಕ್ಷಿ ಏನಿದೆ?"

"ಇದೆ ಸರ್. ಎರಡನೇ ಕೋಣೆಯಲ್ಲಿ, ಪೆಟ್ಟಿಗೆ ಮುಚ್ಚಳದ ಒಳಗಡೆ ಪೆನ್ಸಿಲ್ಲಲ್ಲಿ ಬರೆದಿದ್ದೀನಿ. ಮರಿ ಹುಟ್ಟಿದ ಗಳಿಗೆಯ ತೂಕ. ಮೋಟಾರು ಕೆಟ್ಟಿತ್ತಲ್ಲ, ಕೋಣೆ ಇನ್ನೂ ತೊಳೆದಿಲ್ಲ. ಹಾಗೇ ಇವೆ."

ಸಾಹೇಬರು ಗಡಿಯಾರ ನೋಡಿದರು. ಆಮೇಲೆ ಮುಂದಿದ್ದ ಪಟ್ಟಿಯನ್ನು ನೋಡಿದರು. ಏನೋ ಹೇಳಬೇಕೆಂದುಕೊಂಡವರ ಹಾಗೆ ತುಟಿ ಒದ್ದೆ ಮಾಡಿಕೊಂಡರು.

"ಮೋಟಾರು ನಿನ್ನೆ ರಿಪೇರಿ ಆಯ್ತು. ಎರಡನೇ ಕೋಣೆಗೆ ಇವತ್ತು ಸುಣ್ಣ. ನಿಮ್ಮ ಓರಗಿತ್ತಿಯನ್ನೇ ಹಾಕಿದ್ದೀನಿ."

"ನಿಲ್ಲಿಸಿ ಸರ್. ಒಂದು ಫೋನ್ ಮಾಡಿ ನಿಲ್ಲಿಸಿ."

"ನೋಡೋಣ," ಅಂದರು ಸಾಹೇಬರು, ಮತ್ತೆ ಪೆನ್ನಿನ ಮುಚ್ಚಳ ತೆಗೆದು ಬೇರೆ ಕಾಗದ ಎಳೆದುಕೊಂಡರು.

ಕಚೇರಿಯಿಂದ ಶೆಡ್ಡಿಗೆ ನೂರು ಹೆಜ್ಜೆಯೂ ಇಲ್ಲ. ಆದರೆ ನಡುವೆ ಬಟ್ಟೆ ಬದಲಿಸುವ ಕೋಣೆಯಿತ್ತು. ಹೊರಗಿನ ರೋಗ ಒಳಗೆ ಹೋಗಬಾರದೆಂದು ಹೊರಗಿನ ಬಟ್ಟೆ ಬಿಚ್ಚಿಟ್ಟು, ಕೈಕಾಲು ಸೋಪಿನಲ್ಲಿ ತೊಳೆದು, ಒಳಗಿನ ಬಟ್ಟೆ ತೊಟ್ಟು, ಗಮ್‌ಬೂಟು ಹಾಕಿ, ಔಷಧಿ ನೀರಿನ ತೊಟ್ಟಿಯಲ್ಲಿ ಅರವತ್ತು ಎಣಿಸುವವರೆಗೆ ನಿಲ್ಲಬೇಕು. ಬೇರೆಯವರು ಅದನ್ನು ತುಳಿದುಕೊಂಡು ದಾಟುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅರವತ್ತು ಎಣಿಸದೆ ದಾಟದವಳು ಅವಳೊಬ್ಬಳೇ. ಮೂರನೇ ಕೋಣೆಯಲ್ಲಿ ನಿನ್ನೆ ಹುಟ್ಟಿದ ಮರಿಗಳಿದ್ದವು.

ಗುಂಡಿ ತಪ್ಪು ತೂತಿಗೆ ಹೋಯಿತು. ಒಂದು ಬೂಟು ಸಿಗಲಿಲ್ಲ. ಯಾರೋ ಬೆಂಚಿನ ಕೆಳಗೆ ಒದ್ದಿದ್ದರು. ತೊಟ್ಟಿಯಲ್ಲಿ ನಿಂತು ಎಣಿಸತೊಡಗಿದಳು. ಗೋಡೆಯ ಆಚೆ ಬಕೆಟ್ಟಿನ ಹಿಡಿಕೆ ಕಡಕಡ ಅಂದದ್ದು, ಬ್ರಷ್ಷು ಹಲಗೆಯ ಮೇಲೆ ಸರಸರ ಆಡಿದ್ದು ಕೇಳುತ್ತಿತ್ತು. "ನಿಲ್ಸೇ," ಎಂದು ಕೂಗಿದಳು. ಫ್ಯಾನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೂವತ್ತೆಂಟಕ್ಕೆ ಲೆಕ್ಕ ತಪ್ಪಿತು. ಬಲಗಾಲು ತೊಟ್ಟಿಯಿಂದ ಹೊರಗೆ ಬಂತು. ಅವಳು ಅದನ್ನು ಮತ್ತೆ ನೀರಿಗೆ ಇಟ್ಟು, ಹಲ್ಲು ಕಚ್ಚಿ, ಒಂದರಿಂದ ಶುರು ಮಾಡಿದಳು.

ಎರಡನೇ ಕೋಣೆಯಲ್ಲಿ ಹನ್ನೆರಡು ಮುಚ್ಚಳಗಳನ್ನು ಗೋಡೆಗೆ ಸಾಲಾಗಿ ಒರಗಿಸಿತ್ತು, ಒಳಬದಿ ಮುಂದಕ್ಕೆ. ಓರಗಿತ್ತಿ ಕುಕ್ಕರುಗಾಲಿನಲ್ಲಿ ಕೂತು ಒಂಬತ್ತನೆಯದಕ್ಕೆ ಬ್ರಷ್ಷು ಎತ್ತಿದ್ದಳು.

"ಬೇಡ."

"ಏನು ಬೇಡ? ನನ್ನನ್ನ ಸುಣ್ಣಕ್ಕೆ ಹಾಕಿದ್ದಾರೆ ನೋಡಕ್ಕ. ಮರಿಗಳನ್ನ ಮುಟ್ಟಬಾರದಂತೆ. ಸುಣ್ಣಕ್ಕೆ ಭೇದಿ ಹತ್ತಲ್ಲ ಅಂತ ಇರಬೇಕು."

"ಬ್ರಷ್ ಕೆಳಗಿಡು. ಅಲ್ಲಿ ಬರೆದಿದೆ."

"ಇದಾ? ಬಡಗಿ ಅಳತೆ ಅಂದ್ಕೊಂಡೆ." ಓರಗಿತ್ತಿ ಬಗ್ಗಿ ನೋಡಿದಳು. ಆಮೇಲೆ ಇನ್ನೂ ಹತ್ತಿರ ಬಗ್ಗಿದಳು. "ಎರಡು ಎರಡು ಒಂದು, ಎಂಟುನೂರ ತೊಂಬತ್ತು. ಇದು ನಿನ್ನ ಅಕ್ಷರ. ಒಂಬತ್ತಕ್ಕೆ ಬಾಲ ನೀನೇ ಹೀಗೆ ಹಾಕೋದು."

ಸೂಲಗಿತ್ತಿ ಹೇಳಿದಳು. ಸಾಹೇಬರಿಗೆ ಹೇಳಿದಷ್ಟು ಸರಾಗವಾಗಿ ಬರಲಿಲ್ಲ. ಹಾಲು, ಸಂಜೆ, ಬಕೆಟ್ಟು, ಬೋರ್ಡು, ಎಲ್ಲ ಹಿಂದುಮುಂದಾಗಿ ಬಂದವು. ಓರಗಿತ್ತಿ ಅವಳ ಮುಖ ನೋಡಲಿಲ್ಲ. ಬೆರಳಿನಿಂದ ಮುಚ್ಚಳದ ಅಂಕಿಗಳನ್ನು ಒಂದೊಂದಾಗಿ ತೋರಿಸುತ್ತ ಹೋದಳು.

"ಇನ್ನೂರ ಇಪ್ಪತ್ತೊಂದು. ಇದು ಸೋರ್ತಿದೆ, ಮೂರು ದಿನದಿಂದ. ಇನ್ನೂರ ಇಪ್ಪತ್ತೇಳು, ಶನಿವಾರ ಸತ್ತಿತು." ಅವಳು ಕುಕ್ಕರುಗಾಲಿನಲ್ಲೇ ಮುಂದಿನ ಮುಚ್ಚಳಕ್ಕೆ ಸರಿದಳು. "ಇನ್ನೂರ ಮೂವತ್ತು. ಸೋರ್ತಿದೆ. ಇನ್ನೂರ ಮೂವತ್ತಾರು. ಅದೂ." ಕೊನೆಯ ಮುಚ್ಚಳದ ಮುಂದೆ ನಿಂತುಬಿಟ್ಟಳು. "ನೀನು ಬರೆದಿರೋದು ಅಷ್ಟೂ ನನ್ನ ಶೆಡ್ಡಲ್ಲಿ ಸಾಯ್ತಿರೋವೇ. ಬೇರೆ ಒಂದೂ ಇಲ್ಲ."

"ಉಳಿಸಿದೆ ಅಂದ್ಕೊಂಡೆ ಕಣೆ."

"ಉಳಿಸಿ ನನ್ನ ಕೈಲಿ ಕೊಟ್ಟೆ." ಓರಗಿತ್ತಿ ಎದ್ದು ನಿಂತಳು. ಕೈಯಲ್ಲಿದ್ದ ಬ್ರಷ್ಷಿನಿಂದ ಸುಣ್ಣ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. "ನಾಲ್ಕು ತಿಂಗಳು ಅಕ್ಕ. ನಾಲ್ಕು ತಿಂಗಳು ಪಕ್ಕದಲ್ಲಿ ಕೂತು ಉಂಡೆ. ನಾನು ಕೈ ತೋರಿಸಿದೆ, ನೀನು ಎಣ್ಣೆ ಹಚ್ಚಿಕೋ ಅಂದೆ."

"ನಿನ್ನೆವರೆಗೂ ನನಗೂ ಗೊತ್ತಿರಲಿಲ್ಲ, ಆ ಕರುಳು ನೋಡೋವರೆಗೂ."

"ನಿನ್ನೆ ಗೊತ್ತಾಯ್ತಲ್ಲ. ನಿನ್ನೆ ಸಾಯಂಕಾಲ ನಾನು ಕೋತಿ ಕಥೆ ಹೇಳಿದಾಗ ಗೊತ್ತಿತ್ತಲ್ಲ."

ಫ್ಯಾನು ಗರಗರ ತಿರುಗುತ್ತಿತ್ತು. ಬೇಗ ಒಣಗಲಿ ಎಂದು ಓರಗಿತ್ತಿಯೇ ಅದನ್ನು ಮುಚ್ಚಳಗಳ ಕಡೆ ತಿರುಗಿಸಿಟ್ಟಿದ್ದಳು.

"ಇನ್ನೂರ ಹದಿನಾಲ್ಕು ಎಲ್ಲಿ?" ಓರಗಿತ್ತಿ ಕೇಳಿದಳು. "ಡಾಕ್ಟರಮ್ಮ ಕೊಯ್ದು ನೋಡಿದ್ದು ಅದನ್ನ. ಅದರ ತೂಕ ಕಂಡರೆ ತಾನೇ ಅವರಿಗೆ ನಂಬಿಕೆ ಬರೋದು."

"ಎಂಟನೇ ಪೆಟ್ಟಿಗೆದು."

ಇಬ್ಬರೂ ಎಂಟನೆಯದನ್ನು ನೋಡಿದರು. ಈಗಷ್ಟೇ ಸುಣ್ಣ ಬಿದ್ದ ಮುಚ್ಚಳ. ಅದರ ಎಡಕ್ಕಿದ್ದ ಏಳೂ ಒಣಗಿ ಹಾಲಿನಷ್ಟು ಬೆಳ್ಳಗಾಗಿದ್ದವು, ಅಲ್ಲಿ ಏನೂ ಇರಲಿಲ್ಲ. ಎಂಟನೆಯದು ಇನ್ನೂ ಹಸಿಯಿತ್ತು. ಹಸಿ ಸುಣ್ಣ ತಿಳಿಯಾಗಿರುತ್ತದೆ. ಅದರೊಳಗಿಂದ ಪೆನ್ಸಿಲ್ಲಿನ ಗೆರೆ ನೀರಿನ ತಳದ ಕಡ್ಡಿಯ ಹಾಗೆ ಕಾಣುತ್ತಿತ್ತು. ಆದರೆ ಅಂಚಿನಿಂದ ಬಿಳುಪು ಒಳಗೆ ಬರುತ್ತಿತ್ತು. ಮೊದಲ ಸಾಲು ಆಗಲೇ ಅರ್ಧ ಮುಳುಗಿತ್ತು.

ಸೂಲಗಿತ್ತಿ ಫ್ಯಾನಿನ ಸ್ವಿಚ್ಚು ಆರಿಸಿದಳು. ಓರಗಿತ್ತಿ ಬಟ್ಟೆ ಅದ್ದಿ ಉಜ್ಜಲು ಹೋದಳು.

"ಉಜ್ಜಬೇಡ. ಪೆನ್ಸಿಲ್ಲೂ ಬಂದುಬಿಡುತ್ತೆ. ನೀರು ಚಿಮುಕಿಸು, ಒಣಗದೆ ಇದ್ದರೆ ಸಾಕು."

ಮಗ್ಗಿನಿಂದ ನೀರು ಬಿದ್ದಾಗ ಬಿಳುಪು ಹಿಂದಕ್ಕೆ ಸರಿಯಿತು. ಹೊರಗೆ ಗೇಟಿನ ಕಡೆಯಿಂದ ಗಾಡಿಯ ಸದ್ದು ಕೇಳಿಸಿತು. ಹನ್ನೊಂದು ಆಗಲು ಇನ್ನೂ ಐದು ನಿಮಿಷವಿತ್ತು. ಡಾಕ್ಟರಮ್ಮ ಒಂದು ದಿನವಾದರೂ ತಡಮಾಡಿ ಬರಬಾರದಿತ್ತೇ ಎಂದು ಸೂಲಗಿತ್ತಿಗೆ ಅನ್ನಿಸಿತು. ಸಾಹೇಬರು ಆಗಲೇ ಎದುರುಗೊಳ್ಳಲು ಹೊರಟಿರುತ್ತಾರೆ.

"ಇದನ್ನ ತೋರಿಸಿದರೆ ನಿನ್ನ ಕೆಲಸ ಏನಾಗುತ್ತೆ?" ಓರಗಿತ್ತಿ ಮುಚ್ಚಳದ ಒಂದು ತುದಿ ಹಿಡಿದು ಕೇಳಿದಳು.

"ಹೋಗುತ್ತೆ ಅನ್ಸುತ್ತೆ."

"ಮೂರನೇ ಕೋಣೇಲಿ ನಿನ್ನೆ ಹುಟ್ಟಿದವು? ಸಣ್ಣವಿಲ್ವಾ ಅಲ್ಲಿ?"

"ಎರಡಿವೆ. ಹುಟ್ಟಿದ ತೂಕ ಇನ್ನೂ ಬುಕ್ಕಿಗೆ ಬರೆದಿಲ್ಲ." ಅವಳು ಇನ್ನೊಂದು ತುದಿ ಹಿಡಿದಳು. "ಬೇರೆ ಇಟ್ಟು ಸಾಕಿದರೆ ಉಳಿಯುತ್ವೆ ಅಂದರಲ್ಲ ಡಾಕ್ಟರಮ್ಮ. ಕೇಳ್ತೀನಿ. ಬಕೆಟ್ ಬೇಡ ಅಂತ ಕೇಳ್ತೀನಿ. ಕೇಳೋಕೆ ಬಿಟ್ಟರೆ."

"ನಿನಗೆ ಕೇಳೋಕೆ ಬಿಡೋರು ಯಾರು? ನೀನು ಬಾಯಿ ತೆಗೆಯೋಷ್ಟರಲ್ಲಿ ಸಾಹೇಬರು ತಕ್ಕಡಿ ಪುರಾಣ ಶುರು ಮಾಡ್ತಾರೆ. ನಾನು ಕೇಳ್ತೀನಿ." ಓರಗಿತ್ತಿ ಮಗ್ಗು ತುಂಬಿಕೊಂಡಳು. "ಒಂದು ಹೇಳಿಟ್ಟಿರ್ತೀನಿ. ಇದು ಮುಗಿದ ಮೇಲೆ ನಿನ್ನ ಹತ್ತಿರ ನಾನು ಮಾತಾಡಲ್ಲ. ಎಷ್ಟು ದಿನ ಅಂತ ಗೊತ್ತಿಲ್ಲ. ಒಂದೇ ಒಲೆ ಅಂತ ನೆನೆಸಿಕೊಂಡು ಕೂರಬೇಡ."

"ಆಯ್ತು."

"ಆಯ್ತು ಅನ್ನಬೇಡ. ಹೆಜ್ಜೆ ನೋಡಿ ಇಡು."

ಅಂಗಳದಲ್ಲಿ ಬಿಸಿಲು ಬೆಳ್ಳಗೆ ಬಿದ್ದಿತ್ತು. ಇಬ್ಬರೂ ಮುಚ್ಚಳವನ್ನು ನಡುವೆ ಮಟ್ಟಸವಾಗಿ ಹಿಡಿದು, ಒಬ್ಬಳು ಹಿಮ್ಮುಖವಾಗಿ, ಒಬ್ಬಳು ಮುಮ್ಮುಖವಾಗಿ ನಡೆದರು. ಹತ್ತು ಹೆಜ್ಜೆಗೆ ಅಂಚು ಬೆಳ್ಳಗಾಗತೊಡಗಿತು. ಹದಿನೈದಕ್ಕೆ ಮೊದಲ ಸಾಲು ಮಸುಕಾಯಿತು. ಗೇಟಿನ ಹತ್ತಿರ ಡಾಕ್ಟರಮ್ಮ ಬೂಟು ಹಾಕಿಕೊಳ್ಳುತ್ತಿದ್ದರು. ಸಾಹೇಬರು ಅವರ ಪಕ್ಕ ನಿಂತು ಕೈಯಾಡಿಸಿ ಏನೋ ಹೇಳುತ್ತಿದ್ದವರು ಇತ್ತ ತಿರುಗಿ ನೋಡಿ ಕೈ ಇಳಿಸಿದರು.

"ನಿಲ್ಲು," ಅಂದಳು ಓರಗಿತ್ತಿ. ಮುಚ್ಚಳದ ತುದಿಯನ್ನು ಸೊಂಟಕ್ಕೆ ಆನಿಸಿಕೊಂಡು, ಬಿಳಚಿದ ಬೆರಳುಗಳನ್ನು ಮಗ್ಗಿಗೆ ಅದ್ದಿ, ಬಿಳುಪಿನ ಮೇಲೆ ಚಿಮುಕಿಸಿದಳು. ಎರಡು, ಒಂದು, ನಾಲ್ಕು ಮೇಲೆದ್ದು ಬಂದವು. ಪಕ್ಕದ ಅಂಕಿ ಇನ್ನೂ ಸರಿಯಾಗಿ ಕಾಣಲಿಲ್ಲ. ಅವಳು ಮತ್ತೆ ಅದ್ದಿದಳು.